ಮ್ಯಾರಥಾನ್‌ಗೆ ಮುನ್ನಿನ ಮೂರು ವಾರ: ಓಟ ತಗ್ಗಿಸಿದ ನನ್ನ ಅನುಭವ

ಮುಂಬೈ ಮ್ಯಾರಥಾನ್ ಜನವರಿಯ ಮೂರನೆಯ ಭಾನುವಾರ ನಡೆಯುವುದು ವಾಡಿಕೆ. 2004ರಲ್ಲಿ ಆರಂಭವಾದ ಈ ಓಟಕ್ಕೆ ರಾಯಚೂರಿನಲ್ಲಿದ್ದುಕೊಂಡು ತಯಾರಾಗುವವನಿಗೆ ಒಂದು ದೊಡ್ಡ ಅನುಕೂಲವಿದೆ. ವರ್ಷದ ಬಹುಪಾಲು ಸುಡುವ ನಮ್ಮೂರ ಬಿಸಿಲು ಸ್ವಲ್ಪ ಕರುಣೆ ತೋರುವ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲೇ ದೀರ್ಘ ಓಟಗಳು ಬರುತ್ತವೆ. ತೊಡಕು ಇರುವುದೂ ಇದರಲ್ಲೇ. ಬೆಳಗಿನ ಹವೆ ಇಷ್ಟು ಹಿತವಾಗಿದ್ದು, ತಿಂಗಳುಗಟ್ಟಲೆ ಹದಗೊಂಡ ಕಾಲುಗಳು ಓಡಲು ತವಕಿಸುತ್ತಿರುವಾಗಲೇ ಓಟವನ್ನು ತಗ್ಗಿಸಬೇಕಾಗುತ್ತದೆ. ಓಟಗಾರರು ಟೇಪರ್ ಎಂದು ಕರೆಯುವ ಈ ಮೂರು ವಾರಗಳನ್ನು ನಾನು ಹೇಗೆ ಕಳೆದೆ, ಯಾಕೆ ಹಾಗೆ ಕಳೆದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಾನು ಗಂಜ್‌ನ, ಅಂದರೆ ಕೃಷಿ ಮಾರುಕಟ್ಟೆಯ, ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. 42.195 ಕಿಲೋಮೀಟರನ್ನು ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಅಂದರೆ ಪ್ರತಿ ಕಿಲೋಮೀಟರಿಗೆ 5 ನಿಮಿಷ 41 ಸೆಕೆಂಡಿನ ವೇಗವನ್ನು ಕೊನೆಯವರೆಗೂ ಕಾಯ್ದುಕೊಳ್ಳಬೇಕು ಎಂಬುದು ನನ್ನ ಗುರಿಯಾಗಿತ್ತು.

ಓಟದ ದಿನದಿಂದ ಹಿಂದಕ್ಕೆ ಎಣಿಸಿ, ಡಿಸೆಂಬರ್ ಕೊನೆಯ ಭಾನುವಾರಕ್ಕೆ ಕೊನೆಯ ದೀರ್ಘ ಓಟವನ್ನು ಇಟ್ಟುಕೊಂಡೆ. ಊರಿನಿಂದ ಲಿಂಗಸುಗೂರು ರಸ್ತೆ ಹಿಡಿದು, ಕೃಷಿ ವಿಶ್ವವಿದ್ಯಾಲಯವನ್ನು ದಾಟಿ, ಕಲ್ಮಲಾ ಕೂಡುರಸ್ತೆಯಿಂದ ಮಾನ್ವಿ ಕಡೆಗೆ ಸ್ವಲ್ಪ ದೂರ ಹೋಗಿ ಮರಳಿದರೆ 32 ಕಿಲೋಮೀಟರ್ ಆಗುತ್ತದೆ. ಮುಂಬೈಯಲ್ಲಿ ಪೂರ್ಣ ಮ್ಯಾರಥಾನ್ ಬೆಳಗಿನ ಐದು ಗಂಟೆಗೆ ಹೊರಡುವುದರಿಂದ ನಾನೂ ಅದೇ ಹೊತ್ತಿಗೆ ಹೊರಟೆ. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳು ಸಾಲಾಗಿ ರಾಯಚೂರಿಗೆ ಬರುತ್ತಿರುತ್ತವೆ. ಟ್ರೇಲರಿನ ಎರಡೂ ಬದಿಗೆ ಹೊಟ್ಟೆಯಂತೆ ಉಬ್ಬಿದ ಹೊರೆ ರಸ್ತೆಯ ಅಂಚಿನವರೆಗೂ ಚಾಚಿಕೊಂಡಿರುತ್ತದೆ, ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಮಾನ್ವಿ ಕಡೆಗೆ ತಿರುಗಿದ ಮೇಲೆ ರಸ್ತೆಯ ಒಂದು ಪಟ್ಟಿಯನ್ನು ಒಣಹಾಕಿದ ಭತ್ತ ಆಕ್ರಮಿಸಿಕೊಂಡಿರುತ್ತದೆ, ಅದರ ಅಂಚಿಗೆ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕತ್ತಲಲ್ಲಿ ಆ ಕಲ್ಲಿಗೆ ಕಾಲು ತಾಗಿ ಪಾದ ಹೊರಳಿದರೆ ತಿಂಗಳುಗಳ ಶ್ರಮ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಹಣೆದೀಪವನ್ನೂ ಹೊಳೆಯುವ ಪಟ್ಟಿಯ ಅಂಗಿಯನ್ನೂ ಧರಿಸದೆ ನಾನು ಆ ದಾರಿಗೆ ಇಳಿಯುವುದಿಲ್ಲ, ಯಾರೂ ಇಳಿಯಬಾರದು.

ಮೊದಲ 24 ಕಿಲೋಮೀಟರ್‌ಗಳನ್ನು ಮಾತಾಡುತ್ತ ಓಡಬಹುದಾದಷ್ಟು ನಿಧಾನವಾಗಿ, ಕೊನೆಯ ಎಂಟನ್ನು ಗುರಿಯ ವೇಗದಲ್ಲಿ ಓಡಿದೆ. ಇನ್ನಷ್ಟು ಮುಂದೆ ಹೋಗಿ 40 ಮುಟ್ಟಿಬಿಡಬಹುದಲ್ಲ ಎಂದು ಅನೇಕರು ಕೇಳುತ್ತಾರೆ. ಅಷ್ಟು ದೂರ ಓಡಿದ ಕಾಲಿನ ಸ್ನಾಯುಗಳು ಮೂರು ವಾರದಲ್ಲಿ ಪೂರ್ತಿ ದುರಸ್ತಿಯಾಗುತ್ತವೆಂಬ ಭರವಸೆ ಇಲ್ಲ. ಒಂದು ದೀರ್ಘ ಓಟದಿಂದ ದೇಹಕ್ಕೆ ಆಗುವ ಲಾಭ ಕೈಗೆ ಬರಲಿಕ್ಕೂ ಹತ್ತು ದಿನ, ಎರಡು ವಾರ ಹಿಡಿಯುತ್ತದೆ. ಹೀಗಾಗಿ ಜನವರಿ ಹುಟ್ಟಿದ ಮೇಲೆ ಹೊಸದಾಗಿ ಗಳಿಸಬಹುದಾದದ್ದು ಬಹಳ ಕಡಿಮೆ, ಕಳೆದುಕೊಳ್ಳಬಹುದಾದದ್ದು ಬಹಳ. ನಮ್ಮ ಕಡೆಯ ರೈತರು ಕೊಯ್ಲಿಗೆ ಮುನ್ನ ಗದ್ದೆಯ ನೀರನ್ನು ಬಿಡಿಸಿ ನೆಲ ಆರಲು ಬಿಡುವಂತೆ, ಇಲ್ಲೂ ನೀರು ನಿಲ್ಲಿಸಬೇಕಾದ ಹೊತ್ತನ್ನು ಗುರುತಿಸುವುದೇ ಬೇಸಾಯದ ಮುಖ್ಯ ಕೆಲಸ.

ತಗ್ಗಿಸುವುದೆಂದರೆ ಏನನ್ನು ತಗ್ಗಿಸಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ದೂರವನ್ನು ಮಾತ್ರ. ವೇಗವನ್ನಾಗಲಿ ವಾರದ ಓಟದ ದಿನಗಳನ್ನಾಗಲಿ ಹೆಚ್ಚು ಮುಟ್ಟಬಾರದು. ನನ್ನ ಅತಿ ಹೆಚ್ಚಿನ ವಾರ 70 ಕಿಲೋಮೀಟರಿನದಾಗಿತ್ತು. ತಗ್ಗಿಸುವ ಮೊದಲ ವಾರದಲ್ಲಿ ಅದನ್ನು 55ಕ್ಕೂ ಎರಡನೆಯ ವಾರದಲ್ಲಿ 40ಕ್ಕೂ ಇಳಿಸಿದೆ. ಕೊನೆಯ ವಾರ, ಮ್ಯಾರಥಾನನ್ನು ಬಿಟ್ಟು, 20ರ ಆಸುಪಾಸಿನಲ್ಲಿತ್ತು. ಆದರೆ ಪ್ರತಿ ಬುಧವಾರ ಗುರಿಯ ವೇಗದ ಓಟ ಇದ್ದೇ ಇತ್ತು. ಮೊದಲ ವಾರ ಎರಡು ಕಿಲೋಮೀಟರಿನ ನಾಲ್ಕು ತುಂಡುಗಳು, ಮುಂದಿನ ವಾರ ಮೂರು, ಕೊನೆಯ ವಾರ ಒಂದೊಂದು ಕಿಲೋಮೀಟರಿನ ಎರಡು, ಅಷ್ಟೇ. ಓಟವನ್ನು ಪೂರ್ತಿ ನಿಲ್ಲಿಸಿದರೆ ರಕ್ತದ ದ್ರವಾಂಶ ಕೆಲವೇ ದಿನಗಳಲ್ಲಿ ಕುಗ್ಗತೊಡಗುತ್ತದೆ, ಕಾಲು ತನ್ನ ಲಯವನ್ನು ಮರೆಯುತ್ತದೆ. ಕಡಿಮೆ ದೂರವನ್ನೇ ಚುರುಕಾಗಿ ಓಡುತ್ತಿದ್ದರೆ ಗಳಿಸಿದ್ದು ಉಳಿಯುತ್ತದೆ ಮತ್ತು ದಣಿವು ಕರಗುತ್ತದೆ. ಎರಡು ವಾರಗಳ ಕಾಲ ದೂರವನ್ನು 40ರಿಂದ 60 ಶೇಕಡಾ ಇಳಿಸಿ ವೇಗವನ್ನು ಉಳಿಸಿಕೊಂಡವರ ಸಾಧನೆ ಶೇಕಡಾ ಎರಡು ಮೂರರಷ್ಟು ಸುಧಾರಿಸುತ್ತದೆಂಬುದು ಕ್ರೀಡಾ ವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿರುವ ಮಾತು. ನಾಲ್ಕು ಗಂಟೆಯ ಓಟಗಾರನಿಗೆ ಇದು ಐದರಿಂದ ಏಳು ನಿಮಿಷ. ಓಡದೆಯೇ ಸಿಗುವ ಈ ನಿಮಿಷಗಳನ್ನು ಬೇರಾವ ತರಬೇತಿಯೂ ಅಷ್ಟು ಕಡಿಮೆ ಕಾಲದಲ್ಲಿ ಕೊಡುವುದಿಲ್ಲ.

ಹೆಚ್ಚಿನ ತರಬೇತಿ ಪಟ್ಟಿಗಳು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿಯೆಂದರೆ ದಿನದ ದುಡಿಮೆ. ಡಿಸೆಂಬರ್, ಜನವರಿ ಎಂದರೆ ಗಂಜ್‌ನಲ್ಲಿ ಹತ್ತಿಯ ಸೀಜನ್. ಹತ್ತಿಯ ರಾಶಿಗಳ ನಡುವೆ ತಿರುಗಾಡುವುದು, ತೂಕದ ಹತ್ತಿರ ನಿಂತು ಚೀಟಿ ಬರೆಯುವುದು, ಹಮಾಲರ ಲೆಕ್ಕ ಮುಗಿಸಿ ಕತ್ತಲಾದ ಮೇಲೆ ಮನೆಗೆ ಹೋಗುವುದು, ಇವೆಲ್ಲ ಕಾಲಿನ ಮೇಲೆಯೇ ಬೀಳುವ ಹೊರೆ. ಬೆಳಗ್ಗೆ ಹತ್ತು ಕಿಲೋಮೀಟರ್ ಕಡಿಮೆ ಓಡಿ, ಇಡೀ ದಿನ ಸಿಮೆಂಟಿನ ಅಂಗಳದಲ್ಲಿ ನಿಂತರೆ ವಿಶ್ರಾಂತಿ ಹೇಗಾದೀತು? ನಾನು ಸಾಹುಕಾರರಿಗೆ ಮೊದಲೇ ವಿಷಯ ತಿಳಿಸಿ, ಆ ಮೂರು ವಾರಗಳ ಮಟ್ಟಿಗೆ ಅಂಗಳದ ಕೆಲಸವನ್ನು ಜೊತೆಯವನಿಗೆ ಬಿಟ್ಟು ಗದ್ದಿಗೆಯ ಮೇಲಿನ ಬರವಣಿಗೆಯನ್ನು ನಾನು ವಹಿಸಿಕೊಂಡೆ. ಪ್ರತಿಯಾಗಿ ನವೆಂಬರಿನಲ್ಲಿ ಅವನ ಪಾಲಿನ ಅಂಗಳದ ಕೆಲಸವನ್ನು ನಾನು ಮಾಡಿದ್ದೆ. ಹತ್ತಿಯ ಎಳೆ ಮತ್ತು ದೂಳು ಗಂಟಲಿಗೆ ಇಳಿಯದಂತೆ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಇದ್ದೆ. ಕೊನೆಯ ವಾರ ಬರುವ ನೆಗಡಿ ಕೆಮ್ಮು ಓಟವನ್ನು ಕೆಡಿಸುವಷ್ಟು ಕಾಲುನೋವೂ ಕೆಡಿಸುವುದಿಲ್ಲವೆಂದು ನನ್ನ ನಂಬಿಕೆ.

ಎರಡನೆಯ ವಾರ ಮನಸ್ಸಿಗೆ ಕಠಿಣ. ಕಾಲು ಭಾರವೆನಿಸುತ್ತದೆ, ಎಲ್ಲಿಯೂ ಇಲ್ಲದ ನೋವು ಮೊಣಕಾಲಿನಲ್ಲೋ ಹಿಮ್ಮಡಿಯಲ್ಲೋ ಕಾಣಿಸಿಕೊಳ್ಳುತ್ತದೆ, ತೂಕ ಒಂದು ಒಂದೂವರೆ ಕಿಲೋ ಏರುತ್ತದೆ. ತೂಕದ ಬಗ್ಗೆ ಗಾಬರಿಯಾಗಬೇಕಾಗಿಲ್ಲ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಶೇಖರವಾಗುವ ಪ್ರತಿ ಗ್ರಾಂ ಸಕ್ಕರೆಯೊಂದಿಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಳ್ಳುತ್ತದೆ; ಓಟ ಕಡಿಮೆಯಾದಾಗ ಈ ಶೇಖರಣೆ ತುಂಬುತ್ತದೆ, ತಕ್ಕಡಿಯ ಮುಳ್ಳು ಅದನ್ನೇ ತೋರಿಸುತ್ತದೆ. ನೋವಿನ ವಿಷಯದಲ್ಲಿ ನನ್ನ ಪರೀಕ್ಷೆ ಸರಳವಾದದ್ದು. ಜಾಗ ಬದಲಿಸುತ್ತ, ಓಡಲು ಶುರುಮಾಡಿದ ಹತ್ತು ನಿಮಿಷದಲ್ಲಿ ಮಾಯವಾಗುವ ನೋವನ್ನು ಗಮನಕ್ಕೆ ತೆಗೆದುಕೊಳ್ಳುವುದಿಲ್ಲ; ಒಂದೇ ಜಾಗದಲ್ಲಿ ನಿಂತು, ಓಡಿದಷ್ಟೂ ಹೆಚ್ಚಾಗಿ, ಹೆಜ್ಜೆಯ ರೀತಿಯನ್ನೇ ಬದಲಿಸುವ ನೋವಾದರೆ ಅಂದೇ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಜಿಲ್ಲಾ ಕ್ರೀಡಾಂಗಣದಲ್ಲಿ ದಿನವೂ ನಡೆಯಲು ಬರುವ ಹಿರಿಯರೊಬ್ಬರು ನಾನು ಬೇಗ ಮುಗಿಸಿ ಕೂತದ್ದನ್ನು ನೋಡಿ, “ಯಾಕಪಾ, ಓಡೋದು ಬಿಟ್ಟಿ ಏನು? ಓಟ ಹತ್ರ ಬಂತಲ್ಲ” ಎಂದು ಕಾಳಜಿಯಿಂದ ಕೇಳಿದರು. “ಇಲ್ಲ ಕಾಕಾ, ಈಗ ಕಡಿಮಿ ಓಡಿದ್ರನ ಅಲ್ಲಿ ಓಡಾಕ ಆಗ್ತದ” ಎಂದೆ. ಈ ದಿನಗಳಲ್ಲಿ ಉಳಿಯುವ ಬಿಡುವಿನಲ್ಲಿ ಹೊಸ ವ್ಯಾಯಾಮ, ಹೊಸ ಬೂಟು, ಗೆಳೆಯರೊಂದಿಗೆ ಕ್ರಿಕೆಟ್ಟು ಯಾವುದೂ ಬೇಡ. ಮ್ಯಾರಥಾನಿನ ದಿನಕ್ಕೆಂದು ಕೊಂಡ ಬೂಟನ್ನು ನಾನು ನವೆಂಬರಿನಿಂದಲೇ ಹಾಕಿ ನೂರು ಕಿಲೋಮೀಟರ್ ಓಡಿಸಿಟ್ಟಿದ್ದೆ.

ರಾಯಚೂರಿನವರಿಗೆ ವಿಶೇಷವಾಗಿ ಹೇಳಬೇಕಾದ ಮಾತು ಹವೆಯದು. ಜನವರಿಯ ನಮ್ಮ ಬೆಳಗು ತಂಪು ಮತ್ತು ಒಣ. ಬೆವರು ಮೂಡುತ್ತಲೇ ಆರಿಹೋಗುತ್ತದೆ. ಸಮುದ್ರದ ದಂಡೆಯ ಮುಂಬೈಯಲ್ಲಿ ಬೆವರು ಆರದೆ ಮೈಯ ಮೇಲೇ ಇಳಿಯುತ್ತದೆ, ದೇಹದ ಬಿಸಿ ಒಳಗೇ ಉಳಿಯುತ್ತದೆ. ಬಿಸಿಗೆ ಒಗ್ಗಿಕೊಳ್ಳಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಆದ್ದರಿಂದ ಕೊನೆಯ ಎರಡು ವಾರಗಳ ಸಣ್ಣ, ನಿಧಾನದ ಓಟಗಳನ್ನು ಬೆಳಗಿನಿಂದ ಮಧ್ಯಾಹ್ನ ಮೂರು ಗಂಟೆಯ ಬಿಸಿಲಿಗೆ, ಅಂದರೆ 30 ಡಿಗ್ರಿಯ ಆಸುಪಾಸಿಗೆ, ಬದಲಿಸಿಕೊಂಡೆ. ಒಣ ಬಿಸಿಲು ಕಡಲ ತೇವಕ್ಕೆ ಪೂರ್ತಿ ಸಾಟಿಯಲ್ಲವಾದರೂ, ಬೇಗ ಬೆವರುವುದನ್ನು ದೇಹ ಕಲಿಯುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಿದ್ದೆ. ಬರಿಯ ನೀರನ್ನೇ ವಿಪರೀತ ಕುಡಿಯುವುದು ಅಪಾಯಕರ; ರಕ್ತದ ಸೋಡಿಯಂ ಇಳಿದು ತಲೆಸುತ್ತು, ಗೊಂದಲ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಬಾಯಾರಿದಷ್ಟು ಕುಡಿಯಬೇಕು, ದೀರ್ಘ ಓಟದಲ್ಲಿ ಓಆರ್‌ಎಸ್ ಸೇರಿಸಿಕೊಳ್ಳಬೇಕು.

ಇನ್ನು ಊಟ. ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ, ಓಟ ಬರುವುದು 15ರಿಂದ 21ರೊಳಗಿನ ಭಾನುವಾರಕ್ಕೆ. ಹೀಗಾಗಿ ಹಬ್ಬ ಪ್ರತಿ ವರ್ಷವೂ ಓಟದ ಮುಂಚಿನ ಒಂದು ವಾರದೊಳಗೆ, ಅಪರೂಪಕ್ಕೆ ಓಟದ ದಿನವೇ, ಬೀಳುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಕೃಷ್ಣೆಯ ದಂಡೆಗೆ ಹೋಗಿ ಮಿಂದು ಬುತ್ತಿ ಬಿಚ್ಚುವ ಹಬ್ಬವನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ನಾನು ಓಡಿದ ವರ್ಷ ಹಬ್ಬ ವಾರದ ನಡುವೆ ಬಂದಿದ್ದರಿಂದ ಹೊಟ್ಟೆ ತುಂಬ ಉಂಡೆ. ಶುಕ್ರವಾರದಿಂದ ಮಾತ್ರ ಪಂಕ್ತಿ ಬದಲಾಯಿತು. 100 ಗ್ರಾಂ ಸಜ್ಜೆಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂನಷ್ಟೂ ಇಲ್ಲ. ವರ್ಷವಿಡೀ ನಮ್ಮನ್ನು ಕಾಯುವ ಆ ನಾರೇ ಓಟದ ದಿನ ಹೊಟ್ಟೆಯನ್ನು ಕಾಡುತ್ತದೆ. ಕೊನೆಯ ಎರಡು ದಿನ ದೇಹತೂಕದ ಪ್ರತಿ ಕಿಲೋಗೆ ಎಂಟರಿಂದ ಹತ್ತು ಗ್ರಾಂ ಕಾರ್ಬೊಹೈಡ್ರೇಟ್ ಬೇಕೆನ್ನುತ್ತಾರೆ. 62 ಕಿಲೋ ತೂಗುವ ನನಗೆ ಅದು ದಿನಕ್ಕೆ 500ರಿಂದ 600 ಗ್ರಾಂ. ನಮ್ಮ ಸಿಂಧನೂರು ಸೋನಾ ಮಸೂರಿ 350 ಗ್ರಾಂ ಬೇಯಿಸಿದರೆ 270 ಗ್ರಾಂಗೂ ಮಿಕ್ಕಿ ಸಿಗುತ್ತದೆ. ಉಳಿದದ್ದನ್ನು ಮಂಡಕ್ಕಿ, ಬಾಳೆಹಣ್ಣು, ಬೆಲ್ಲ ತುಂಬಿಕೊಡುತ್ತವೆ. ಒಂದೇ ಹೊತ್ತಿಗೆ ತುಂಬಿಕೊಳ್ಳದೆ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿನ್ನಬೇಕು, ಪುಂಡಿಪಲ್ಯ, ಕಾಳು, ಮಿರ್ಚಿ ಬಜ್ಜಿಗಳನ್ನು ಸೋಮವಾರಕ್ಕೆ ಮೀಸಲಿಡಬೇಕು. ಅವ್ವ ಮೊದಲು, “ಬರೇ ಅನ್ನ ಉಂಡು ಶಕ್ತಿ ಎಲ್ಲಿಂದ ಬರ್ತದ?” ಎಂದು ಒಪ್ಪಲಿಲ್ಲ. ಡಿಸೆಂಬರಿನ ದೀರ್ಘ ಓಟಕ್ಕೆ ಮುನ್ನ ಇದೇ ಊಟ ಉಂಡು, ಮಾರನೆಯ ದಿನ ನಾನು ಗಟ್ಟಿಯಾಗಿ ಮರಳಿದ್ದನ್ನು ನೋಡಿದ ಮೇಲೆ ತಾನೇ ಅಕ್ಕಿ ಅಳೆದು ಕೊಟ್ಟಳು.

ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ನೇರವಾಗಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೇ ಒಯ್ಯುತ್ತದೆ. ಪೂರ್ಣ ಮ್ಯಾರಥಾನ್ ಹೊರಡುವುದೂ ಅದೇ ನಿಲ್ದಾಣದ ಮುಂದಿನಿಂದ. ಓಟದ ದಿನ ಬಿಬ್, ಅಂದರೆ ಅಂಗಿಗೆ ಚುಚ್ಚಿಕೊಳ್ಳುವ ಓಟಗಾರನ ಸಂಖ್ಯೆಯ ಪಟ್ಟಿ, ಕೊಡುವುದಿಲ್ಲವಾದ್ದರಿಂದ ಗುರುವಾರವೇ ಹೊರಟು ಶುಕ್ರವಾರ ಬಾಂದ್ರಾ ಕುರ್ಲಾ ಸಂಕೀರ್ಣದಲ್ಲಿ ಅದನ್ನು ಪಡೆದೆ. ರೈಲಿನಲ್ಲಿ ಗಂಟೆಗೊಮ್ಮೆ ಎದ್ದು ಬೋಗಿಯ ಉದ್ದಕ್ಕೂ ನಡೆದಾಡಿದೆ, ಮನೆಯ ಬುತ್ತಿಯನ್ನೇ ಉಂಡೆ. ಬಿಬ್ ಕೊಡುವ ಜಾಗದ ಅಂಗಡಿಗಳಲ್ಲಿ ತಿರುಗಾಡಿದರೆ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ನಾನು ಬಿಬ್ ತೆಗೆದುಕೊಂಡು ಹೊರಬಿದ್ದೆ. ಶನಿವಾರದ ನಿದ್ದೆ ಬಂದರೂ ಸರಿ, ಬಾರದಿದ್ದರೂ ಸರಿ, ಶುಕ್ರವಾರದ ನಿದ್ದೆ ಸರಿಯಾಗಿದ್ದರೆ ಸಾಕು. ಶನಿವಾರ ಬೆಳಗ್ಗೆ ಮೂರು ಕಿಲೋಮೀಟರ್ ನಿಧಾನದ ಓಟ, ನೂರು ಮೀಟರಿನ ನಾಲ್ಕು ಚುರುಕು ಓಟ; ಸಂಜೆ ಅಂಗಿಗೆ ಬಿಬ್ ಚುಚ್ಚಿ, ತೊಡೆಸಂದಿಗೂ ಕಂಕುಳಿಗೂ ಹಚ್ಚುವ ವ್ಯಾಸಲೀನ್, ಹಳೆಯ ಕಾಲುಚೀಲ, ಓಡುತ್ತ ತಿನ್ನುವ, ಸಕ್ಕರೆ ಪಾಕದಂಥ ಜೆಲ್ ಪೊಟ್ಟಣಗಳನ್ನು ಜೋಡಿಸಿಟ್ಟೆ. ಓಟಕ್ಕೆ ಎರಡೂವರೆ ಗಂಟೆ ಮುಂಚೆ ಬಾಳೆಹಣ್ಣು, ಬೆಲ್ಲ ಸವರಿದ ಬ್ರೆಡ್ಡು, ಚಹಾ.

ಮೊದಲ ಐದು ಕಿಲೋಮೀಟರ್‌ಗಳನ್ನು ಬೇಕೆಂದೇ ಹತ್ತು ಸೆಕೆಂಡು ನಿಧಾನವಾಗಿ ಓಡಿದೆ. ತಗ್ಗಿಸಿದ ಕಾಲಿನಲ್ಲಿ ತುಂಬಿದ ಕಸುವು ಆರಂಭದಲ್ಲಿ ಎಲ್ಲ ವೇಗವನ್ನೂ ಸುಲಭವೆಂದು ತೋರಿಸುತ್ತದೆ, ಆ ಸುಲಭವನ್ನು ನಂಬಬಾರದು. ಪ್ರತಿ 40 ನಿಮಿಷಕ್ಕೊಂದು ಜೆಲ್ ತಿಂದೆ. ಅರ್ಧ ದೂರಕ್ಕೆ 1 ಗಂಟೆ 59 ನಿಮಿಷವಾಗಿತ್ತು. ಮೂವತ್ತೈದರ ಆಚೆ ಪೆಡ್ಡರ್ ರಸ್ತೆಯ ಏರು ಬಂದಾಗ, ಸಪಾಟು ನೆಲದಲ್ಲೇ ಓಡಿ ಬೆಳೆದ ನಾನು ಹೆಜ್ಜೆಯನ್ನು ಗಿಡ್ಡ ಮಾಡಿ ತೋಳನ್ನು ಬಳಸಿ ಹತ್ತಿದೆ. ಸುತ್ತಲೂ ಅನೇಕರು ನಡೆಯುತ್ತಿದ್ದರು, ನನ್ನ ಕಾಲಿನಲ್ಲಿ ಇನ್ನೂ ಓಟವಿತ್ತು. 3 ಗಂಟೆ 59 ನಿಮಿಷಕ್ಕೆ ಗೆರೆ ದಾಟಿದೆ.

ಕ್ರೀಡಾಂಗಣದಲ್ಲಿ ಜೊತೆಗೆ ಓಡುವ ಇಬ್ಬರು ಹುಡುಗರು ಈಗ ಆಗಸ್ಟಿನ ಹೈದರಾಬಾದ್ ಮ್ಯಾರಥಾನ್‌ಗೆ ತಯಾರಾಗುತ್ತಿದ್ದಾರೆ. ಅವರಿಗೆ ಇದೇ ಪಟ್ಟಿಯನ್ನು ಎರಡು ಬದಲಾವಣೆಯೊಂದಿಗೆ ಬರೆದುಕೊಟ್ಟಿದ್ದೇನೆ. ಮಳೆಗಾಲದಲ್ಲಿ ನಮ್ಮೂರ ಗಾಳಿಯೂ ತೇವವಾಗಿರುವುದರಿಂದ ಮಧ್ಯಾಹ್ನದ ಓಟವನ್ನು ತೆಗೆದುಹಾಕಿದ್ದೇನೆ. ಹೈದರಾಬಾದಿನ ದಾರಿಯಲ್ಲಿ ಫ್ಲೈಓವರ್‌ಗಳ ಏರಿಳಿತ ಹೆಚ್ಚಾದ್ದರಿಂದ ಬುಧವಾರದ ವೇಗದ ತುಂಡುಗಳಲ್ಲಿ ಒಂದನ್ನು, ತಗ್ಗಿಸುವ ಮೊದಲ ವಾರದವರೆಗೆ ಮಾತ್ರ, ರೈಲ್ವೆ ಮೇಲ್ಸೇತುವೆಯ ಮೇಲೆ ಓಡಲು ಹೇಳಿದ್ದೇನೆ.