ನಮ್ಮ ಡೇಕೇರ್‌ಗೆ ಕೈ-ಕಾಲು-ಬಾಯಿ ರೋಗ ಬಂದಾಗ

ಮೈಸೂರಿನಲ್ಲಿ ನಮ್ಮ ಮನೆಯ ಕೆಳಗಡೆಯೇ ಒಂದು ಚಿಕ್ಕ ಡೇಕೇರ್ ನಡೆಸುತ್ತೇನೆ. 14 ಮಕ್ಕಳು, ಒಂದೂವರೆ ವರ್ಷದವರಿಂದ ನಾಲ್ಕು ವರ್ಷದವರೆಗೆ. ಎರಡು ವರ್ಷದ ಹಿಂದೆ ಜುಲೈನಲ್ಲಿ, ಮಳೆ ಅಂತ ಕಿಟಕಿಯೆಲ್ಲ ಮುಚ್ಚಿಕೊಂಡು ಕೂತಿದ್ದ ವಾರದಲ್ಲಿ, ಒಂದು ಮಗು ಊಟಕ್ಕೆ ಬಾಯಿಯೇ ತೆರೆಯಲಿಲ್ಲ. ಜೊಲ್ಲು ಸುರಿಯುತ್ತಿತ್ತು. ಹಲ್ಲು ಬರ್ತಿರಬೇಕು ಅಂದುಕೊಂಡೆ. ಡೈಪರ್ ಬಿಚ್ಚಿದಾಗ ಕೆಂಪು ಗುಳ್ಳೆ ಕಂಡಿತು, ಅದಕ್ಕೂ ಕ್ರೀಮ್ ಹಚ್ಚಿ ಸುಮ್ಮನಾದೆ. ಮರುದಿನ ಅಂಗೈ, ಅಂಗಾಲಿನಲ್ಲೂ ಗುಳ್ಳೆ. ಮಕ್ಕಳ ಡಾಕ್ಟರು ನೋಡಿದ ಕೂಡಲೇ ಹೇಳಿದರು, ಇದು ಕೈ-ಕಾಲು-ಬಾಯಿ ರೋಗ. ಆ ಒಂದು ದಿನ ತಡ ಮಾಡಿದ್ದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಅವತ್ತು ಸಂಜೆಯೇ ಎಲ್ಲ ಅಪ್ಪ-ಅಮ್ಮಂದಿರಿಗೂ ವಾಟ್ಸಾಪ್ ಮಾಡಿದೆ. ಜ್ವರ, ಬಾಯಿಹುಣ್ಣು, ಗುಳ್ಳೆ ನೋಡಿಕೊಳ್ಳಿ, ಸೋಂಕು ತಗುಲಿ 3ರಿಂದ 6 ದಿನಕ್ಕೆ ಕಾಣಿಸಿಕೊಳ್ಳಬಹುದು ಅಂತ. ಎಲ್ಲರ ಮೊದಲ ಪ್ರಶ್ನೆ ಒಂದೇ: 'ಯಾರ ಮಗು?' ನಾನು ಹೇಳಲಿಲ್ಲ. ಗುಳ್ಳೆ ಏಳುವ ಹೊತ್ತಿಗಾಗಲೇ ಒಂದೇ ಆಟಿಕೆಯನ್ನು ನಾಲ್ಕು ಬಾಯಿ ಕಚ್ಚಿರುತ್ತವೆ, ಹೆಸರು ಗೊತ್ತಾಗಿ ಏನು ಮಾಡೋದು? ಒಬ್ಬರ ಅಜ್ಜಿ 'ಅಮ್ಮ ಆಗಿದೆ, ಬೇವಿನಸೊಪ್ಪು ಇಡಿ' ಅಂದರು. ಒಬ್ಬ ಅಪ್ಪನಂತೂ ಊರಿನ ಹಸುಗಳಿಗೆ ಬರುವ ಕಾಲುಬಾಯಿ ಜ್ವರವೇ ಇದು ಅಂತ ನಡುಗಿಬಿಟ್ಟಿದ್ದರು. ಹೆಸರು ಹತ್ತಿರ ಇದೆ ಅಷ್ಟೇ, ಅದರ ವೈರಸ್ಸೇ ಬೇರೆ. 2022ರಲ್ಲಿ ಕೇರಳದಲ್ಲಿ 'ಟೊಮ್ಯಾಟೊ ಜ್ವರ' ಅಂತ ಸುದ್ದಿಯಾಗಿತ್ತಲ್ವಾ, ಅದು ಇದರದೇ ಒಂದು ರೂಪ ಅಂತ ಅವರಿಗೆ ವಿವರಿಸಿದೆ.

ನಾನು ಕಲಿತ ದೊಡ್ಡ ಪಾಠ ಶುಚಿತ್ವದ್ದು. ಬಾಗಿಲಲ್ಲೇ ಸ್ಯಾನಿಟೈಸರ್ ಇಟ್ಟು ಧೈರ್ಯವಾಗಿದ್ದೆ. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇಲ್ಲ, ಹಾಗಾಗಿ ಆಲ್ಕೋಹಾಲ್ ಇದರ ಮೇಲೆ ಅಷ್ಟಾಗಿ ಕೆಲಸ ಮಾಡಲ್ಲ, ಸೋಪು ಹಾಕಿ ಉಜ್ಜಿ ತೊಳೆಯಿರಿ ಅಂದರು ಡಾಕ್ಟರು. ಇನ್ನೊಂದು, ಕೆಮ್ಮು, ಜೊಲ್ಲು ಮಾತ್ರ ಅಲ್ಲ, ಮಲದಲ್ಲೂ ವೈರಸ್ ಇರುತ್ತದೆ, ಮಗು ಚೆನ್ನಾಗಿ ಓಡಾಡಿಕೊಂಡಿದ್ದರೂ ವಾರಗಟ್ಟಲೆ ಇರುತ್ತದೆ. ಅಲ್ಲಿಯವರೆಗೆ ನಮ್ಮ ಆಯಾ ಡೈಪರ್ ಬದಲಿಸಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಅದೇ ಕೈಯಲ್ಲಿ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ಅವರ ತಪ್ಪಲ್ಲ, ಹಾಗೆ ಹೇಳಿಕೊಟ್ಟವಳು ನಾನೇ. ಮಾರನೇ ದಿನದಿಂದ ಡೈಪರ್ ಕೆಲಸ ಒಬ್ಬರಿಗೆ, ಊಟ ಇನ್ನೊಬ್ಬರಿಗೆ. ಡೈಪರ್ ಬದಲಿಸುವ ಹಾಸನ್ನು ಪ್ರತಿ ಸಲ ಸೋಪಿನಲ್ಲಿ ಒರೆಸಿ, ಆಮೇಲೆ ಬ್ಲೀಚ್ ನೀರು ಹಾಕಿ ಸ್ವಲ್ಪ ಹೊತ್ತು ಬಿಡುತ್ತಿದ್ದೆವು. ಬ್ಲೀಚ್ ನೀರನ್ನು ದಿನಾ ಬೆಳಿಗ್ಗೆ ಹೊಸದಾಗಿ ಕಲಸುತ್ತಿದ್ದೆ, ಮಕ್ಕಳ ಕೈಗೆ ಸಿಗದ ಕಡೆ ಇಡುತ್ತಿದ್ದೆ. ಬಟ್ಟೆ ಗೊಂಬೆಗಳೆಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಹೋದವು. 20ರವರೆಗೆ ಎಣಿಸುತ್ತಾ ಕೈ ತೊಳೆಯೋದು ಮಕ್ಕಳಿಗೆ ಆಟವೇ ಆಯಿತು.

ಒಟ್ಟು ನಾಲ್ಕು ಮಕ್ಕಳಿಗೆ ಬಂತು. ಇದಕ್ಕೆ ಅಂತ ಬೇರೆ ಔಷಧಿ ಇಲ್ಲ, ಡಾಕ್ಟರು ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್, ಜೊತೆಗೆ ಬಾಯಿಗೆ ಉರಿಯಾಗದ ಊಟ. ತಣ್ಣಗಿನ ಮೊಸರನ್ನ, ಎಳನೀರು, ಆರಿದ ರಾಗಿ ಗಂಜಿ. ಶೀತ ಆಗುತ್ತೆ ಅಂತ ಅಜ್ಜಿಯರು ಒಪ್ಪುತ್ತಿರಲಿಲ್ಲ. ಆದರೆ ಬಿಸಿ ಸಾರನ್ನ ಕೊಟ್ಟರೆ ಮಗು ನೀರನ್ನೂ ಬಿಟ್ಟುಬಿಡುತ್ತದೆ, ನಿಜವಾದ ಅಪಾಯ ಅಲ್ಲಿದೆ. ಮೂತ್ರ ಕಡಿಮೆಯಾದರೆ, ಜ್ವರ ಮೂರು ದಿನ ದಾಟಿದರೆ, ಮಗು ಮಂಕಾದರೆ ಅಥವಾ ಬೆಚ್ಚಿಬೀಳುತ್ತಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ ಅಂತ ಮನೆಮನೆಗೂ ಫೋನ್ ಮಾಡಿ ಹೇಳಿದೆ.

ವೈರಸ್ ಪೂರ್ತಿ ಹೋದ ಮೇಲೆ ಕಳಿಸಲಾ ಅಂತ ಕೇಳಿದರು. ಹಾಗೆ ಕಾಯ್ತಾ ಕೂತರೆ ತಿಂಗಳು ದಾಟುತ್ತದೆ, ಕೆಲಸಕ್ಕೆ ಹೋಗುವ ಅಮ್ಮ ಎಲ್ಲಿಂದ ಅಷ್ಟು ರಜೆ ತರಬೇಕು? ಜ್ವರ ಬಿಟ್ಟಿರಬೇಕು, ಜೊಲ್ಲು ನಿಂತು ಊಟ ಮಾಡುತ್ತಿರಬೇಕು, ಗುಳ್ಳೆ ಒಣಗಿರಬೇಕು. ಅಷ್ಟಾದರೆ ಬರಲಿ, ಉಳಿದದ್ದನ್ನು ಸೋಪು ನೋಡಿಕೊಳ್ಳಲಿ ಅಂದೆ.

ಐದು ವಾರ ಕಳೆದ ಮೇಲೆ ಒಬ್ಬ ತಾಯಿ ರಾತ್ರಿ ಫೋನ್ ಮಾಡಿ ಅತ್ತರು, ಮಗಳ ಉಗುರು ಬುಡದಿಂದ ಬಿಟ್ಟುಬರುತ್ತಿದೆ ಅಂತ. ಫೋಟೋವನ್ನು ಡಾಕ್ಟರಿಗೆ ಕಳಿಸಿದೆವು. ಈ ರೋಗದ ನಂತರ ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಕೀಳಬೇಡಿ, ಅಡಿಯಲ್ಲಿ ಹೊಸದು ಬರುತ್ತಿದೆ ಅಂದರು. ದಸರಾ ರಜೆ ಮುಗಿಸಿ ಬಂದ ದಿನ ಆ ಹುಡುಗಿ ಬಾಗಿಲಲ್ಲೇ ನಿಂತು ಹತ್ತೂ ಬೆರಳು ಚಾಚಿ ಹೊಸ ಉಗುರು ತೋರಿಸಿದಳು. ಆಮೇಲೆ ತಾನಾಗಿಯೇ ಸಿಂಕ್ ಹತ್ತಿರ ಹೋಗಿ ಕೈ ತೊಳೆದು ಬಂದಳು.