ಆಗುಂಬೆ ಮಾಲ್ಗುಡಿ ಹೌದಾ, ಅಲ್ವಾ: ನಾನು ವಾದಕ್ಕೆ ಕೂರುವ ರೀತಿ

ಪುಸ್ತಕ ಓದಿದವರೂ ಧಾರಾವಾಹಿ ನೋಡಿದವರೂ ಒಂದೇ ಕಡೆ ಸೇರಿದರೆ ಜಗಳ ಗ್ಯಾರಂಟಿ. ನಮ್ಮ ಗುಂಪಿನಲ್ಲಿ ಜಾಸ್ತಿ ಕಾವೇರುವುದು 'ಮಾಲ್ಗುಡಿ ಡೇಸ್' ಬಗ್ಗೆ. ಆರ್.ಕೆ. ನಾರಾಯಣ್ ತಮ್ಮ ಕಥೆಗಳಿಗಾಗಿ ಕಲ್ಪಿಸಿಕೊಂಡ ಊರು ಮಾಲ್ಗುಡಿ ಬಯಲಿನದು, ಬಿಸಿಲಿನದು. ಧಾರಾವಾಹಿ ಮಾಡುವಾಗ ಶಂಕರ್ ನಾಗ್ ಅದನ್ನು ಮಳೆ ಸುರಿಯುವ ಆಗುಂಬೆಗೆ ಒಯ್ದರು. ಸರಿನಾ ಇದು?

ಸುಮ್ನೆ 'ಪುಸ್ತಕದ ಥರ ಇಲ್ಲ' ಅಂದವರಿಗೆ ನಾನು ಉತ್ತರ ಕೊಡುವುದಿಲ್ಲ. ಯಾವ ದೃಶ್ಯ, ಯಾವ ಅಧ್ಯಾಯ ಅಂತ ಕೇಳುತ್ತೇನೆ. ಆಮೇಲೆ ಆ ಅಧ್ಯಾಯ ಓದಿ, ಅದೇ ದಿನ ಸಂಚಿಕೆಯನ್ನೂ ನೋಡುತ್ತೇನೆ, ಏಕೆಂದರೆ ಚಿಕ್ಕಂದಿನ ನೆನಪಿನ ಮೇಲೆ ವಾದ ಮಾಡಿದರೆ ನಾವು ಧಾರಾವಾಹಿಯ ಬಗ್ಗೆ ಅಲ್ಲ, ನಮ್ಮ ಬಾಲ್ಯದ ಬಗ್ಗೆ ಮಾತಾಡುತ್ತಿರುತ್ತೇವೆ. ಬಿಟ್ಟಿದ್ದೇನು, ಸೇರಿಸಿದ್ದೇನು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಪಟ್ಟಿ ಮುಗಿದ ಮೇಲೆ ನನಗೆ ಬೇಕಾದ ಪ್ರಶ್ನೆ ಒಂದೇ: ಪುಸ್ತಕದಲ್ಲಿ ಆ ದೃಶ್ಯ ಮಾಡಿದ ಕೆಲಸವನ್ನು ಪರದೆಯ ಮೇಲೆ ಯಾವುದು ಮಾಡುತ್ತಿದೆ?

1935ರಲ್ಲಿ ಬಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಯ ಮಾವಿನಹಣ್ಣಿನ ಲೆಕ್ಕವನ್ನೇ ನೋಡಿ. ರಾಮನ ಹತ್ತಿರ ಹತ್ತು ಹಣ್ಣು, ಹದಿನೈದಾಣೆ ಬರಬೇಕು, ಕೃಷ್ಣನಿಗೆ ನಾಲ್ಕೇ ಸಾಕು, ಅವನು ಎಷ್ಟು ಕೊಡಬೇಕು? ಸ್ವಾಮಿಗೆ ಲೆಕ್ಕ ಬೇಡ, ಹಣ್ಣು ಪಕ್ವವಾಗಿತ್ತಾ ಅನ್ನುವುದೇ ಚಿಂತೆ. ಓದುವಾಗ ಅರ್ಧ ನಗು ಬರುವುದು ಲೇಖಕರ ದನಿಯಿಂದ, ಹುಡುಗನ ತಲೆಯೊಳಗೆ ಅವರು ನಮ್ಮನ್ನು ಕೂರಿಸುವುದರಿಂದ. ಕ್ಯಾಮೆರಾಗೆ ತಲೆಯೊಳಗೆ ಹೋಗಲು ಆಗಲ್ಲ. ಹಾಗಾಗಿ ಪರದೆಯಲ್ಲಿ ಇಂಥ ನಗುವನ್ನೆಲ್ಲ ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥ್ ಕಣ್ಣು ಮತ್ತು ಅಪ್ಪನ ಪಾತ್ರದ ಗಿರೀಶ್ ಕಾರ್ನಾಡರ ಗತ್ತು ಹೊರಬೇಕು. ಹೊತ್ತಿವೆ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಜಾಗದ ವಿಷಯಕ್ಕೆ ಬಂದಾಗ ಎದುರಿನವರು ಹಾಕುವ ದೊಡ್ಡ ದಾಳ ನಾರಾಯಣ್ ಅವರದೇ ಕಾದಂಬರಿಯಿಂದ ಮಾಡಿದ 1965ರ 'ಗೈಡ್' ಸಿನಿಮಾ. ಅವರ ಮಾತಿನಲ್ಲಿ ತೂಕವಿದೆ. ಕಥೆಗೆ ಹೊಂದುವ ಜಾಗಗಳನ್ನು ನಾರಾಯಣ್ ಮೈಸೂರಿನ ಸುತ್ತಮುತ್ತ ತೋರಿಸಿದ್ದರು, ಚಿತ್ರತಂಡ ರಾಜಸ್ಥಾನಕ್ಕೆ ಹೋಯಿತು, ಆ ಬೇಸರವನ್ನು ನಾರಾಯಣ್ ಪ್ರಬಂಧವಾಗಿಯೇ ಬರೆದರು. ಆದರೆ ರಾಜಸ್ಥಾನದ ವೈಭವ ಬೇರೆ, ಆಗುಂಬೆ ಬೇರೆ. ಮಾಲ್ಗುಡಿ ನಿಂತಿರುವುದು ಅದು ಚಿಕ್ಕ ಊರು ಅನ್ನುವುದರ ಮೇಲೆ. ಒಂದು ಬೀದಿ, ಜಗಲಿ, ಯಾರ ಮಗ ಶಾಲೆಗೆ ಚಕ್ಕರ್ ಹೊಡೆದ ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುವ ಊರು. ಆಗುಂಬೆಯ ಹೆಂಚಿನ ಮನೆಗಳ ಬೀದಿಯಲ್ಲಿ ನನಗೆ ಅದು ಸಿಗುತ್ತದೆ. ಸೆಖೆ ಹೋಗಿ ಮಳೆ ಬಂದಿದ್ದನ್ನು ನಾನು ಒಪ್ಪಿಕೊಳ್ಳುತ್ತೇನೆ.

ಮಾಲ್ಗುಡಿಯ ಸರಯೂ ನದಿಯ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಪುಸ್ತಕದ ಕಡೆ. ಸ್ವಾಮಿಯ ಗೆಳೆಯ ಮಣಿ ದೊಣ್ಣೆ ಹಿಡಿದು, ಶಾಲೆಗೆ ಹೊಸದಾಗಿ ಬಂದ ರಾಜಂ ಏರ್‌ಗನ್ ಹಿಡಿದು ನದಿ ದಡದ ನಲ್ಲಪ್ಪನ ತೋಪಿನ ಹತ್ತಿರ ಎದುರಾಗುತ್ತಾರಲ್ಲ, ಆ ಹುಡುಗರ ಸುತ್ತ ಅಷ್ಟಗಲ ಖಾಲಿ ಮರಳು ಬೇಕು. ಮಲೆನಾಡಿನ ಹಸಿರು ಎಷ್ಟೇ ಚಂದ ಇದ್ದರೂ ಅದನ್ನು ಕೊಡಲಾರದು.