ಫೈಲ್ ಕೆಟ್ಟಾಗ: ಮೊದಲು ನಕಲು, ಆಮೇಲೆ ರಿಪೇರಿ

‘ಫೈಲ್ ಓಪನ್ ಆಗ್ತಿಲ್ಲ’ ಎಂದು ಯಾರಾದರೂ ಮನೆಯ ಕಂಪ್ಯೂಟರನ್ನು ತೋರಿಸಿದರೆ ನಾನು ಮೊದಲು ಯಾವ ರಿಪೇರಿ ಪ್ರೋಗ್ರಾಮನ್ನೂ ಓಡಿಸುವುದಿಲ್ಲ. ‘ಚೆಕ್ ಡಿಸ್ಕ್ ಹಾಕಿ ನೋಡಿ’ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಆದರೆ ವಿಂಡೋಸ್ ಜೊತೆಗೇ ಬರುವ ಈ ಚೆಕ್ ಡಿಸ್ಕ್ ಆಜ್ಞೆ ನೋಡಿಕೊಳ್ಳುವುದು ಫೈಲ್ ಸಿಸ್ಟಮನ್ನು, ಅಂದರೆ ಯಾವ ಫೈಲು ಡಿಸ್ಕಿನಲ್ಲಿ ಎಲ್ಲೆಲ್ಲಿದೆ ಎಂಬ ಲೆಕ್ಕದ ಪುಸ್ತಕವನ್ನು. ಲೆಕ್ಕ ತಾಳೆಯಾಗದಿದ್ದರೆ ಅಡ್ಡ ಬಂದ ನಮೂದನ್ನು ಅದು ಕಿತ್ತುಹಾಕುತ್ತದೆ. ಆ ನಮೂದು ಮದುವೆ ಫೋಟೋಗಳದ್ದೇ ಆಗಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಇನ್ನು ಸಾಯುತ್ತಿರುವ ಹಾರ್ಡ್ ಡಿಸ್ಕಿನ ಮೇಲೆ ಅದೇ ಆಜ್ಞೆಗೆ ಸ್ಲ್ಯಾಶ್ ಆರ್ ಸೇರಿಸಿ ಓಡಿಸಿದರೆ ಒಂದೊಂದು ಸೆಕ್ಟರನ್ನೂ, ಅಂದರೆ ಮಾಹಿತಿ ಇಡುವ ಒಂದೊಂದು ಪುಟ್ಟ ಖಾನೆಯನ್ನೂ, ಗಂಟೆಗಟ್ಟಲೆ ಓದಿಸಿ, ಉಳಿದಿದ್ದ ಆಯುಸ್ಸನ್ನೂ ಮುಗಿಸಿಬಿಡಬಹುದು. ಅದಕ್ಕೇ ನನ್ನ ಕ್ರಮ ಇಷ್ಟು: ಕೆಟ್ಟಿರುವುದು ಏನು ಎಂದು ತಿಳಿದುಕೊಳ್ಳುವುದು, ನಕಲು ತೆಗೆಯುವುದು, ರಿಪೇರಿಯನ್ನು ಆ ನಕಲಿನ ಮೇಲೆ ಮಾಡುವುದು.

ಕೆಟ್ಟಿದೆ ಎಂದು ತೋರಿಸುವ ಫೈಲುಗಳಲ್ಲಿ ಕೆಲವು ಕೆಟ್ಟೇ ಇರುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ತೊಂದರೆ ಹೆಚ್ಚು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಹೀಗೆ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿವೆ, ಅಷ್ಟೆ. ನುಡಿ 01 ಇ ಫಾಂಟ್ ಹಾಕಿಕೊಂಡು, ಪಠ್ಯವನ್ನೆಲ್ಲ ಆಯ್ದು ಆ ಫಾಂಟ್ ಕೊಟ್ಟರೆ ಅಕ್ಷರಗಳು ಬರುತ್ತವೆ. ಆಮೇಲೆ ಕನ್ವರ್ಟರಿನಲ್ಲಿ, ಆ ಫಾಂಟನ್ನು ನೆಚ್ಚದ ಯೂನಿಕೋಡಿಗೆ ಬದಲಾಯಿಸಿ ಬೇರೆ ಹೆಸರಿನಲ್ಲಿ ಉಳಿಸಿ, ಮೂಲವನ್ನು ಮುಟ್ಟಬೇಡಿ.

ಇದರ ತಮ್ಮನಂಥ ಇನ್ನೊಂದಿದೆ. ಕನ್ನಡವಿರುವ ಸಿಎಸ್‌ವಿ ಫೈಲನ್ನು ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದಾಗ, ಓರೆಗೆರೆ ಹೊತ್ತ ಸಣ್ಣ ಎ, ಅದರ ಪಕ್ಕ ಮೇಲಕ್ಕೆ ಹತ್ತಿ ಕೂತ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುಸಾಲಾಗಿ ಕಾಣಿಸುತ್ತದೆ. ಯೂನಿಕೋಡ್ ಪಠ್ಯವನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಚಿಹ್ನೆ ಮೂರು ಬೈಟು. ಮೊದಲನೆಯದು ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಎಕ್ಸೆಲ್ ಆ ಮೂರನ್ನೂ ಬಿಡಿಬಿಡಿ ಅಕ್ಷರ ಎಂದು ಓದಿದೆ. ಫೈಲನ್ನು ಉಳಿಸದೆ ಮುಚ್ಚಿ, ಖಾಲಿ ಶೀಟಿನಲ್ಲಿ ಡೇಟಾ ಟ್ಯಾಬಿಗೆ ಹೋಗಿ, ಫ್ರಮ್ ಟೆಕ್ಸ್ಟ್ ಅಥವಾ ಸಿಎಸ್‌ವಿ ಆರಿಸಿ, ಫೈಲ್ ಒರಿಜಿನ್ ಎಂಬಲ್ಲಿ ಯುಟಿಎಫ್-8ರ ಸಂಖ್ಯೆಯಾದ 65001 ಕೊಡಿ. ಆ ಗೊಂದಲದ ರೂಪದಲ್ಲೇ ಉಳಿಸಿಬಿಟ್ಟರೆ ಮಾತ್ರ ನಿಜವಾದ ಹಾನಿ ಶುರು.

ಜೆರಾಕ್ಸ್ ಅಂಗಡಿಯಲ್ಲಿ ಹಾಕಿ ತಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಅದು ವೈರಸ್ಸಿನ ಕೆಲಸ; ಫೈಲುಗಳು ಸಾಮಾನ್ಯವಾಗಿ ಅಡಗಿ ಕೂತಿರುತ್ತವೆ. ಆ ಶಾರ್ಟ್‌ಕಟ್ಟುಗಳನ್ನು ಕ್ಲಿಕ್ ಮಾಡದೆ, ಕಮಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಆಜ್ಞೆಗೆ ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್, ಆಮೇಲೆ ಪೆನ್‌ಡ್ರೈವಿನ ಅಕ್ಷರದ ಜೊತೆ ಸ್ಟಾರ್ ಡಾಟ್ ಸ್ಟಾರ್, ಕೊನೆಗೆ ಸ್ಲ್ಯಾಶ್ ಎಸ್ ಸ್ಲ್ಯಾಶ್ ಡಿ ಕೊಟ್ಟರೆ ಕಾಣಿಸಿಕೊಳ್ಳುತ್ತವೆ.

ಇವ್ಯಾವುವೂ ಅಲ್ಲ ಎಂದಾದ ಮೇಲೆ ಫೈಲಿನ ಒಡಲನ್ನೇ ನೋಡುವುದು ಒಳ್ಳೆಯದು. ಬೈಟುಗಳನ್ನು ಹದಿನಾರರ ಎಣಿಕೆಯ ಸಂಖ್ಯೆಗಳಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ಮೊದಲ ಸಾಲು ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಎಚ್‌ಎಕ್ಸ್‌ಡಿ ಎಂಬ ಉಚಿತ ಎಡಿಟರ್ ಸಾಕು. ಜೆಪೆಗ್ ಫೋಟೋ ಎಫ್‌ಎಫ್ ಡಿ8 ಎಫ್‌ಎಫ್ ಎಂದು ಶುರುವಾಗಬೇಕು, ಎಫ್‌ಎಫ್ ಡಿ9 ಎಂದು ಮುಗಿಯಬೇಕು. ಪಿಡಿಎಫ್ ಆದರೆ ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಮೂರು ಅಕ್ಷರ. ಡಾಕ್‌ಎಕ್ಸ್, ಎಕ್ಸೆಲ್‌ಎಸ್‌ಎಕ್ಸ್ ಎರಡೂ ಒಳಗೆ ಜಿಪ್ ಫೈಲುಗಳೇ, ಹಾಗಾಗಿ ಅವುಗಳ ತಲೆಯಲ್ಲಿ ಪಿ ಮತ್ತು ಕೆ ಇರಬೇಕು. ಎಂಪಿ4 ವಿಡಿಯೋದಲ್ಲಿ ಮೊದಲ ನಾಲ್ಕು ಬೈಟು ಬಿಟ್ಟು ಎಫ್‌ಟಿವೈಪಿ ಎಂದು ಕಾಣಬೇಕು. ತಲೆ ಸರಿಯಿದ್ದರೆ ಆಸೆ ಇದೆ.

ತಲೆಯಿಂದ ಬಾಲದ ತನಕ 00 00 00 ಎಂದೇ ಇದ್ದರೆ? ಫೋಲ್ಡರಿನಲ್ಲಿ 48 ಕೆಬಿ ಎಂದು ತೋರಿಸುತ್ತದೆ, ಹೆಸರು, ತಾರೀಖು ಎಲ್ಲ ಸರಿ, ಒಳಗೆ ಏನೂ ಇಲ್ಲ. ನಮ್ಮ ಊರುಗಳಲ್ಲಿ ಹೀಗಾಗಲು ದೊಡ್ಡ ಕಾರಣ ಕರೆಂಟು. ‘ಸೇವ್’ ಒತ್ತಿದ ತಕ್ಷಣ ಮಾಹಿತಿ ಡಿಸ್ಕಿಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ರ‍್ಯಾಮ್‌ನಲ್ಲೂ ಡಿಸ್ಕಿನ ಒಳಗಿನ ಕ್ಯಾಶ್‌ನಲ್ಲೂ ಕಾಯುತ್ತದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬದಲಾವಣೆಗಳ ಒಂದು ದಿನಚರಿ, ಅಂದರೆ ಜರ್ನಲ್, ಬರೆದುಕೊಳ್ಳುತ್ತದೆ ನಿಜ, ಆದರೆ ಆ ಜರ್ನಲ್ ಹೆಸರು, ಅಳತೆ, ಜಾಗದ ಲೆಕ್ಕಕ್ಕೆ ಮಾತ್ರ. ಫೈಲಿನ ಒಳಗಿನ ಮಾಹಿತಿಗಲ್ಲ. ಲೆಕ್ಕ ಬರೆದಾಗಿ, ಮಾಹಿತಿ ಇಳಿಯುವ ಮೊದಲೇ ಕರೆಂಟು ಹೋದರೆ ಅಳತೆ ಉಳಿಯುತ್ತದೆ, ಒಳಗೆ ಸೊನ್ನೆ ತುಂಬುತ್ತದೆ. ಇದನ್ನು ಖಚಿತ ಮಾಡಿಕೊಳ್ಳಲು ಕಂಪ್ಯೂಟರಿನಲ್ಲಿ ನಡೆದದ್ದರ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ ಕೆಳಗೆ ಸಿಸ್ಟಮ್ ಎಂಬಲ್ಲಿ 41 ಅಥವಾ 6008 ಸಂಖ್ಯೆಯ ನಮೂದು ಹುಡುಕುತ್ತೇನೆ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತಿದೆ ಎಂಬುದಕ್ಕೆ ಅವು ಸಾಕ್ಷಿ. ಆ ಹೊತ್ತಿಗೂ ಫೈಲಿನ ಮಾಡಿಫೈಡ್ ಹೊತ್ತಿಗೂ ಹೊಂದಿದರೆ ಇನ್ನೇನೂ ಹುಡುಕಬೇಕಿಲ್ಲ. ಎಡಿಟರ್ ಹಾಕಿಕೊಳ್ಳಲು ಆಗದಿದ್ದರೆ ಫೈಲಿನ ನಕಲನ್ನು ಜಿಪ್ ಮಾಡಿ ನೋಡಿ: 48 ಕೆಬಿ ಡಾಕ್‌ಎಕ್ಸ್ ಕೆಲವೇ ನೂರು ಬೈಟಿಗೆ ಕುಗ್ಗಿದರೆ ಒಳಗಿರುವುದು ಬರೀ ಸೊನ್ನೆ.

ಸೊನ್ನೆಯಾದ ಫೈಲನ್ನು ‘ರಿಪೇರಿ’ ಮಾಡಿಕೊಡುತ್ತೇವೆ ಎನ್ನುವ ಸಾಫ್ಟ್‌ವೇರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಿಂದಿನ ಆವೃತ್ತಿ ಹುಡುಕಿ: ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್, ವರ್ಡ್ ಎಂಬ ಫೋಲ್ಡರ್ ದಾರಿಯಲ್ಲಿ ಎಎಸ್‌ಡಿ ಎಂದು ಮುಗಿಯುವ ಆಟೋರಿಕವರ್ ಫೈಲಿರಬಹುದು. ಫೋಲ್ಡರು ಒನ್‌ಡ್ರೈವ್ ಅಥವಾ ಗೂಗಲ್ ಡ್ರೈವಿಗೆ ಸಿಂಕ್ ಆಗುತ್ತಿದ್ದರೆ ಬ್ರೌಸರಿನಲ್ಲಿ ಅದರ ವರ್ಶನ್ ಹಿಸ್ಟರಿ ನೋಡಿ. ಕೆಟ್ಟ ಫೈಲೂ ಸಿಂಕ್ ಆಗಿ ಮೇಲೆ ಹೋಗಿರುತ್ತದೆ, ಆದರೆ ಅದರ ಕೆಳಗೆ ಹಳೆಯದು ಇರುತ್ತದೆ. ಗೂಗಲ್ ಡ್ರೈವ್ ಅಪ್‌ಲೋಡ್ ಮಾಡಿದ ಫೈಲಿನ ಹಳೆಯ ಆವೃತ್ತಿಯನ್ನು 30 ದಿನ ಇಟ್ಟುಕೊಳ್ಳುತ್ತದೆ, ತಡ ಮಾಡಬಾರದು.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ಕಡೆ ಡೆಸ್ಕ್‌ಟಾಪಿಗೆ 600 ವಿಎ ಯುಪಿಎಸ್ ಇದ್ದರೂ ಉಳಿಸಿ ಮುಚ್ಚುವಷ್ಟು ನಿಮಿಷ ಸಿಗುತ್ತದೆ. ಮನೆಯ ಇನ್ವರ್ಟರಿನಿಂದಲೇ ನಡೆಸುವವರು ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯೇ ನೋಡಿ. ನಾರ್ಮಲ್ ಮೋಡಿನಲ್ಲಿ ಇನ್ವರ್ಟರ್ ಕೈಬದಲಿಸಲು ತೆಗೆದುಕೊಳ್ಳುವ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಫ್ಯಾನು ತಿರುಗುತ್ತಲೇ ಇರುವುದರಿಂದ ಕರೆಂಟು ಹೋದದ್ದೇ ಯಾರಿಗೂ ತಿಳಿಯುವುದಿಲ್ಲ.

ಕರೆಂಟಿನ ಕುರುಹು ಸಿಗದಿದ್ದರೆ ಅನುಮಾನ ಡಿಸ್ಕಿನ ಮೇಲೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಮ್ ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿಯನ್ನು ತೋರಿಸುತ್ತದೆ. ಹಾರ್ಡ್ ಡಿಸ್ಕಿನಲ್ಲಿ ನಾನು ನೋಡುವುದು ನಾಲ್ಕೇ ಸಾಲು. 05 ಎಂದರೆ ಕೆಟ್ಟು, ಬದಲಿ ಜಾಗ ಪಡೆದ ಸೆಕ್ಟರುಗಳು. ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವವು. ಸಿ6 ಸರಿಪಡಿಸಲಾಗದವು. ಈ ಮೂರರ ರಾ ವ್ಯಾಲ್ಯೂ, ಅಂದರೆ ನಿಜವಾದ ಎಣಿಕೆ, ಸೊನ್ನೆಯಾಗಿರಬೇಕು. ಸಿ5 ಏರುತ್ತಿದ್ದರೆ ಡಿಸ್ಕನ್ನು ಇನ್ನು ನಂಬಬಾರದು. ನಾಲ್ಕನೆಯದು ಸಿ7. ಅದು ಡಿಸ್ಕಿನದಲ್ಲ, ಬಹುಮಟ್ಟಿಗೆ ಕೇಬಲಿನ ದೂರು. ಸಾಟಾ ಕೇಬಲ್ ಬದಲಿಸಿದ ಮೇಲೂ ಆ ಸಂಖ್ಯೆ ಇಳಿಯುವುದಿಲ್ಲ, ಏರುವುದು ನಿಂತಿತೇ ಎಂದಷ್ಟೇ ನೋಡಬೇಕು. ಈ ಪ್ರೋಗ್ರಾಮು ರಾ ವ್ಯಾಲ್ಯೂವನ್ನು ಹೆಕ್ಸ್‌ನಲ್ಲಿ ತೋರಿಸುತ್ತದೆ, 10 ಎಂದಿದ್ದರೆ ಅದು 16. ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಈ ಸಾಲುಗಳಿರುವುದಿಲ್ಲ. ಅಲ್ಲಿ ಮೀಡಿಯಾ ಆಂಡ್ ಡೇಟಾ ಇಂಟೆಗ್ರಿಟಿ ಎರರ್ಸ್ ಎಂಬುದು ಸೊನ್ನೆಯೇ ಎಂದು ನೋಡಿ. ಡಿಸ್ಕಿನೊಳಗೆ ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಬಡಿದ ಸದ್ದು ಕೇಳಿದರೆ ವರದಿಗೂ ಕಾಯದೆ ಕರೆಂಟು ತೆಗೆಯಿರಿ. ಅಂಥ ಡಿಸ್ಕನ್ನು ಮನೆಯಲ್ಲಿ ಬಿಚ್ಚಲೂಬಾರದು, ಓಡಿಸಲೂಬಾರದು.

ಸಂಖ್ಯೆಗಳು ಸ್ವಲ್ಪವೇ ಕೆಟ್ಟಿದ್ದರೆ ತೀರಾ ಬೇಕಾದ ಫೋಲ್ಡರನ್ನು ಮೊದಲು ಬೇರೆ ಡಿಸ್ಕಿಗೆ ಸಾಗಿಸಬೇಕು. ಮೌಸಿನಿಂದ ಎಳೆದು ಹಾಕಿದರೆ ಒಂದು ಕೆಟ್ಟ ಫೈಲಿನ ಹತ್ತಿರ ಇಡೀ ಕೆಲಸ ನಿಲ್ಲುತ್ತದೆ. ವಿಂಡೋಸ್ ಜೊತೆಗೇ ಬರುವ ನಕಲಿನ ಆಜ್ಞೆ ರೋಬೋಕಾಪಿ ವಾಸಿ, ಆದರೆ ಒಂದು ಎಚ್ಚರ: ಏನೂ ಹೇಳದಿದ್ದರೆ ಅದು ಓದಲಾಗದ ಫೈಲನ್ನು 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು, ಪ್ರಯತ್ನಿಸುತ್ತಲೇ ಇರುತ್ತದೆ. ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 ಎಂದು ಸೇರಿಸಿದರೆ ಒಂದೇ ಸಲ ಮರುಪ್ರಯತ್ನ ಮಾಡಿ ಮುಂದೆ ಹೋಗುತ್ತದೆ.

ಡಿಸ್ಕು ಹೆಚ್ಚು ಕೆಟ್ಟಿದ್ದರೆ ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಬಳಸಿ ಇಡೀ ಡಿಸ್ಕಿನ ಇಮೇಜ್, ಅಂದರೆ ಪಡಿಯಚ್ಚು, ತೆಗೆಯುತ್ತೇನೆ. ಉಬುಂಟುವಿನಲ್ಲಿ ಅದರ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಮೊದಲ ಸುತ್ತಿನಲ್ಲಿ ಮೈನಸ್ ಡಿ, ಮೈನಸ್ ಎನ್ ಕೊಟ್ಟು ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಳ್ಳುವುದು; ಎರಡನೇ ಸುತ್ತಿನಲ್ಲಿ ಮೈನಸ್ ಎನ್ ಬಿಟ್ಟು ಮೈನಸ್ ಆರ್ 3 ಕೊಟ್ಟು ಕೆಟ್ಟ ಜಾಗಗಳನ್ನು ಕೆರೆಯುವುದು. ಎರಡೂ ಸುತ್ತಿಗೆ ಒಂದೇ ಮ್ಯಾಪ್ ಫೈಲ್ ಕೊಡಬೇಕು, ಎಲ್ಲಿ ನಿಂತಿತ್ತು ಎಂಬ ನೆನಪು ಅದರಲ್ಲೇ ಇರುವುದು. ಮೂಲ ಮೊದಲು, ಗುರಿ ಆಮೇಲೆ. ಇದು ತಿರುವುಮುರುವಾದರೆ ಉಳಿಸಬೇಕಾದದ್ದೇ ಅಳಿಸಿಹೋಗುತ್ತದೆ, ಹಾಗಾಗಿ ಎಂಟರ್ ಒತ್ತುವ ಮೊದಲು ಎಲ್‌ಎಸ್‌ಬಿಎಲ್‌ಕೆ ಆಜ್ಞೆಯಿಂದ ಡಿಸ್ಕುಗಳ ಅಳತೆಯನ್ನು ಮತ್ತೊಮ್ಮೆ ನೋಡಿಕೊಳ್ಳಿ. ಗುರಿಯ ಡಿಸ್ಕು ಫ್ಯಾಟ್32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಯ ರಿಕವರಿ ಕೀ ಮೊದಲೇ ಕೈಯಲ್ಲಿರಲಿ.

ನಕಲು ಕೈಗೆ ಬಂದ ಮೇಲೆ, ಸ್ಮಾರ್ಟ್ ವರದಿ ಶುದ್ಧವಾಗಿದ್ದು ಇವೆಂಟ್ ವ್ಯೂವರಿನಲ್ಲಿ ಎನ್‌ಟಿಎಫ್‌ಎಸ್ 55 ಎಂಬ, ಫೈಲ್ ಸಿಸ್ಟಮ್ ಕೆಟ್ಟಿದೆ ಎಂದು ಹೇಳುವ ನಮೂದು ಕಂಡರೆ, ಆಗ ಚೆಕ್ ಡಿಸ್ಕಿನ ಸರದಿ. ಸ್ಲ್ಯಾಶ್ ಎಫ್ ಸಾಕು. ಅದು ಮುಗಿದ ಮೇಲೆ ಡ್ರೈವಿನಲ್ಲಿ ಫೌಂಡ್ 000 ಎಂಬ ಅಡಗಿದ ಫೋಲ್ಡರ್ ಬಂದಿದ್ದರೆ ಅಳಿಸಬೇಡಿ. ಅದರೊಳಗೆ ಸಿಎಚ್‌ಕೆ ಎಂದು ಮುಗಿಯುವ ತುಣುಕುಗಳು ಹೆಸರು ಕಳೆದುಕೊಂಡ ಫೈಲುಗಳು. ಒಂದೊಂದರ ತಲೆಯನ್ನೂ ಹೆಕ್ಸ್ ಎಡಿಟರಿನಲ್ಲಿ ನೋಡಿ, ಎಫ್‌ಎಫ್ ಡಿ8 ಕಂಡರೆ ಜೆಪಿಜಿ ಎಂದು ಹೆಸರು ಬದಲಿಸಿ.

ಡಿಸ್ಕೂ ಸರಿ, ಕೇಬಲೂ ಸರಿ, ಆದರೂ ಹೊಸ ಹೊಸ ಫೈಲುಗಳು ಕೆಡುತ್ತಿವೆ ಎಂದರೆ ರ‍್ಯಾಮ್ ನೋಡಬೇಕು. ಇದನ್ನು ಜನ ತುಂಬ ತಡವಾಗಿ ನೋಡುತ್ತಾರೆ, ಅಷ್ಟರಲ್ಲಿ ಬ್ಯಾಕಪ್ಪಿಗೂ ಕೆಟ್ಟ ನಕಲು ಹೋಗಿರುತ್ತದೆ. ಲಕ್ಷಣ ಹೀಗಿರುತ್ತದೆ: ಒಂದೇ ಜಿಪ್ ಫೈಲನ್ನು ಬಿಚ್ಚಿದರೆ ಒಮ್ಮೆ ಸರಿ, ಒಮ್ಮೆ ಮಾಹಿತಿ ತಾಳೆಯಾಗಲಿಲ್ಲ ಎನ್ನುವ ಸಿಆರ್‌ಸಿ ಎರರ್, ಅದೂ ಬೇರೆ ಬೇರೆ ಜಾಗದಲ್ಲಿ. ಪರೀಕ್ಷೆ ಸುಲಭ. ರ‍್ಯಾಮ್‌ಗಿಂತ ದೊಡ್ಡದಾದ ಒಂದು ಫೈಲಿಗೆ ಸರ್ಟ್‌ಯುಟಿಲ್ ಆಜ್ಞೆಯ ಹ್ಯಾಶ್‌ಫೈಲ್ ಆಯ್ಕೆಯಿಂದ ಎಸ್‌ಎಚ್‌ಎ256 ಎಂಬ, ಫೈಲಿನ ಬೆರಳಚ್ಚಿನಂಥ ಸಂಖ್ಯೆಯನ್ನು ತೆಗೆಯಿರಿ, ಫೈಲನ್ನು ಮುಟ್ಟದೆ ಎರಡು ಮೂರು ಸಲ. ಉತ್ತರ ಒಂದೇ ಬರಬೇಕು. ಬೇರೆ ಬಂದರೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವಿನಿಂದ ಬೂಟ್ ಮಾಡಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಅದನ್ನು ಸಣ್ಣದೆಂದು ಬಿಡಬಾರದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಇದ್ದರೆ ತೆಗೆದು, ಆಮೇಲೂ ಬಂದರೆ ಸ್ಟಿಕ್ಕುಗಳನ್ನು ಒಂದೊಂದಾಗಿ ಇಟ್ಟು ಯಾವುದು ಕೆಟ್ಟಿದೆ ಎಂದು ಹಿಡಿಯಬೇಕು.

ಫೈಲುಗಳಲ್ಲದೆ ವಿಂಡೋಸ್ ತಾನೇ ತಡವರಿಸುತ್ತಿದ್ದರೆ ಅದರ ಸ್ವಂತ ಫೈಲುಗಳನ್ನು ಸರಿಪಡಿಸುವ ಎರಡು ಆಜ್ಞೆಗಳಿವೆ: ಮೊದಲು ಡಿಐಎಸ್‌ಎಂನ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಎಸ್‌ಎಫ್‌ಸಿ ಬದಲಿ ಫೈಲ್ ತರುವ ಉಗ್ರಾಣವನ್ನೇ ಡಿಐಎಸ್‌ಎಂ ಸರಿಪಡಿಸುತ್ತದೆ, ಅದಕ್ಕೇ ಈ ಅನುಕ್ರಮ. ನಿಮ್ಮ ದಾಖಲೆಗಳಿಗೆ ಇವೆರಡರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇನ್ನು ನಕಲಿನ ಮೇಲೆ ರಿಪೇರಿ. ವರ್ಡ್ ಫೈಲಾದರೆ ಓಪನ್ ಬಟನ್ನಿನ ಪಕ್ಕದ ಬಾಣದಲ್ಲಿ ಓಪನ್ ಆಂಡ್ ರಿಪೇರ್ ಇದೆ. ಅದು ಕೈಕೊಟ್ಟರೆ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ, ಸೆವೆನ್‌ಜಿಪ್‌ನಲ್ಲಿ ತೆರೆದು, ವರ್ಡ್ ಎಂಬ ಫೋಲ್ಡರಿನ ಡಾಕ್ಯುಮೆಂಟ್ ಡಾಟ್ ಎಕ್ಸ್‌ಎಂಎಲ್ ಹೊರಗೆ ತೆಗೆಯಿರಿ. ಬರಹವೆಲ್ಲ ಅದರಲ್ಲಿದೆ. ಕಳೆಯುವುದು ಅಲಂಕಾರ ಮಾತ್ರ. ಚಿತ್ರಗಳು ಪಕ್ಕದ ಮೀಡಿಯಾ ಫೋಲ್ಡರಿನಲ್ಲಿರುತ್ತವೆ. ಅರ್ಧ ಬೂದು ಬಣ್ಣಕ್ಕೆ ತಿರುಗಿದ ಜೆಪೆಗ್‌ನಲ್ಲಿ ಆ ಅರ್ಧ ಮರಳಿ ಬಾರದು, ಆದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಫೈಲ್ ಇದ್ದರೆ ಅದರೊಳಗೆ ಪ್ರಿವ್ಯೂಗಾಗಿ ಇಟ್ಟ ಜೆಪೆಗ್ ಹಲವು ಸಲ ಉಳಿದಿರುತ್ತದೆ. ರೆಕಾರ್ಡ್ ಮಾಡುವಾಗಲೇ ಬ್ಯಾಟರಿ ಮುಗಿದ ಎಂಪಿ4ನಲ್ಲಿ ಚಿತ್ರ, ಧ್ವನಿ ಎಲ್ಲ ಇದ್ದು ಕೊನೆಗೆ ಬರೆಯಬೇಕಾಗಿದ್ದ ಮೂವ್ ಎಂಬ ಸೂಚಿಪಟ್ಟಿ ಮಾತ್ರ ಇರುವುದಿಲ್ಲ. ಅನ್‌ಟ್ರಂಕ್ ಎಂಬ ಪ್ರೋಗ್ರಾಮಿಗೆ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ತೆಗೆದ ಇನ್ನೊಂದು ಒಳ್ಳೆಯ ವಿಡಿಯೋ ಮಾದರಿಯಾಗಿ ಕೊಟ್ಟರೆ ಆ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತದೆ. 30 ಫ್ರೇಮಿನ ವಿಡಿಯೋಕ್ಕೆ 60 ಫ್ರೇಮಿನ ಮಾದರಿ ಕೊಟ್ಟರೆ ವೇಗ ತಪ್ಪುತ್ತದೆ, ಧ್ವನಿ ತುಟಿಗೆ ಹೊಂದುವುದಿಲ್ಲ. ಹಾಗಾದರೆ ಮಾದರಿ ಬದಲಿಸಿ ಮತ್ತೆ ಓಡಿಸಿ. ನಕಲಿನ ಮೇಲೆ ಎಷ್ಟು ಸಲ ಪ್ರಯತ್ನಿಸಿದರೂ ಮೂಲಕ್ಕೆ ಏನೂ ಆಗುವುದಿಲ್ಲ.